ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ ಹರಡುವಿಕೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ ಹರಡುವಿಕೆ ಎಂದರೆ ಆ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಜೀವಕೋಶಗಳು ನೆರೆಯ ಅಂಗಾಂಶಗಳಿಗೆ ನುಗ್ಗುವುದು ಹಾಗೂ ನರ, ದುಗ್ಧನಾಳ, ರಕ್ತನಾಳ ಮತ್ತು ಉದರಪೊರೆಯ ಮಾರ್ಗಗಳಲ್ಲಿ ಸಾಗಿ ದೇಹದ ಇತರ ಭಾಗಗಳಲ್ಲಿ ಹೊಸ ಗಡ್ಡೆಗಳಾಗಿ ಬೆಳೆಯುವುದು. ದೂರದ ಅಂಗದಲ್ಲಿ ಹೀಗೆ ನೆಲೆಯೂರುವ ಕ್ರಿಯೆಗೆ ಸ್ಥಾನಾಂತರ ಅಥವಾ ಮೆಟಾಸ್ಟಾಸಿಸ್ ಎಂದು ಹೆಸರು. ಯಕೃತ್ತು, ಉದರಪೊರೆ ಮತ್ತು ಶ್ವಾಸಕೋಶಗಳು ಈ ಕ್ಯಾನ್ಸರ್ ಹೆಚ್ಚಾಗಿ ತಲಪುವ ಸ್ಥಾನಗಳು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ 10 ಸಾವಿರ ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು; ಅದೇ ವರ್ಷ ಸುಮಾರು 4 ಲಕ್ಷ 67 ಸಾವಿರ ಜನರು ಇದರಿಂದ ಮೃತಪಟ್ಟರು. ಪತ್ತೆಯಾದವರ ಸಂಖ್ಯೆಗೂ ಮರಣಹೊಂದಿದವರ ಸಂಖ್ಯೆಗೂ ಇಷ್ಟು ಕಡಮೆ ಅಂತರವಿರುವ ಕ್ಯಾನ್ಸರ್‌ಗಳು ವಿರಳ. ಇದಕ್ಕೆ ಮುಖ್ಯ ಕಾರಣ ಹರಡುವಿಕೆಯೇ. ರೋಗ ಪತ್ತೆಯಾಗುವ ವೇಳೆಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದು ದೂರದ ಅಂಗಗಳನ್ನು ಸೇರಿರುತ್ತದೆ. ಮೂರನೆಯ ಒಂದು ಭಾಗದಷ್ಟು ರೋಗಿಗಳಲ್ಲಿ ಸುತ್ತಲಿನ ದೊಡ್ಡ ರಕ್ತನಾಳಗಳನ್ನು ಆವರಿಸಿರುತ್ತದೆ. ಗಡ್ಡೆಯನ್ನು ಪೂರ್ಣವಾಗಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಆಗಲೇ ಯೋಗ್ಯರಾಗಿರುವವರು ನೂರರಲ್ಲಿ ಹತ್ತರಿಂದ ಇಪ್ಪತ್ತು ಜನ ಮಾತ್ರ.

ಈ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಶೇ. 90ರಷ್ಟು ಜೀರ್ಣರಸವನ್ನು ಸಾಗಿಸುವ ನಾಳಗಳ ಒಳಪದರಕ್ಕೆ ಸಂಬಂಧಿಸಿದ ಅಡಿನೋಕಾರ್ಸಿನೋಮ ಎಂಬ ಬಗೆಯವು. ಪ್ರಸ್ತುತ ಲೇಖನವು ಈ ಬಗೆಯನ್ನು ಕುರಿತದ್ದು. ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಇದೇ ಗ್ರಂಥಿಯಲ್ಲಿ ಕಾಣಿಸಿಕೊಂಡರೂ ಅವುಗಳ ಬೆಳವಣಿಗೆ ಸಾಮಾನ್ಯವಾಗಿ ನಿಧಾನ, ಚಿಕಿತ್ಸೆಯೂ ಬೇರೆ. ಅಮೆರಿಕದ ಉದ್ಯಮಿ ಸ್ಟೀವ್ ಜಾಬ್ಸ್ ಅವರಿಗೆ ಇದ್ದುದು ಈ ಎರಡನೆಯ ಬಗೆ.

ಗ್ರಂಥಿಯ ನೆಲೆ ಮತ್ತು ನೆರೆಹೊರೆ

ಕ್ಯಾನ್ಸರ್ ಹರಡುವ ದಾರಿಗಳನ್ನು ಅರಿಯಲು ಗ್ರಂಥಿಯು ದೇಹದಲ್ಲಿ ಎಲ್ಲಿದೆ ಎಂಬುದನ್ನು ತಿಳಿಯುವುದು ಅಗತ್ಯ. ಮೇದೋಜೀರಕ ಗ್ರಂಥಿಯು ಸುಮಾರು 15 ಸೆಂಟಿಮೀಟರ್ ಉದ್ದದ, ಮೃದುವಾದ ಅಂಗ. ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಚಾಚಿಕೊಂಡಿದೆ. ಇದನ್ನು ತಲೆ, ಕೊರಳು, ಒಡಲು, ಬಾಲ ಎಂದು ವಿಭಾಗಿಸುತ್ತಾರೆ. ತಲೆಯ ಭಾಗವು ಸಣ್ಣ ಕರುಳಿನ ಆರಂಭದ ತುಂಡಾದ ಡಿಯೋಡಿನಮ್‌ನ ಬಾಗಿನೊಳಗೆ ಕುಳಿತಿದ್ದರೆ, ಬಾಲದ ತುದಿ ಎಡಭಾಗದ ಗುಲ್ಮವನ್ನು ಮುಟ್ಟುತ್ತದೆ. ಯಕೃತ್ತಿನಿಂದ ಪಿತ್ತರಸವನ್ನು ತರುವ ನಾಳವು ತಲೆಯ ಭಾಗದ ಮೂಲಕವೇ ಹಾದು ಕರುಳನ್ನು ಸೇರುತ್ತದೆ.

ಗ್ರಂಥಿಯ ಕೊರಳಿನ ಹಿಂಭಾಗದಲ್ಲಿ ಗುಲ್ಮದಿಂದ ಬರುವ ಅಭಿಧಮನಿಯೂ ಕರುಳಿನಿಂದ ಬರುವ ಮೇಲಿನ ಮೆಸೆಂಟರಿಕ್ ಅಭಿಧಮನಿಯೂ ಕೂಡಿ ಪೋರ್ಟಲ್ ಅಭಿಧಮನಿಯಾಗುತ್ತವೆ. ಈ ದೊಡ್ಡ ರಕ್ತನಾಳ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಮಹಾಪಧಮನಿಯಿಂದ ಕವಲೊಡೆಯುವ ಸೀಲಿಯಾಕ್ ಅಪಧಮನಿ ಮತ್ತು ಮೇಲಿನ ಮೆಸೆಂಟರಿಕ್ ಅಪಧಮನಿಗಳು ಗ್ರಂಥಿಗೆ ಅಂಟಿಕೊಂಡಂತೆ ಸಾಗುತ್ತವೆ. ಅವುಗಳ ಬುಡದಲ್ಲಿ ಹೊಟ್ಟೆಯ ಅಂಗಗಳಿಗೆ ಸಂವೇದನೆ ಒದಗಿಸುವ ಸೀಲಿಯಾಕ್ ನರಜಾಲ ಹರಡಿಕೊಂಡಿದೆ. ಜಠರ ಅಥವಾ ಕರುಳಿಗೆ ಇರುವಂತಹ ದಪ್ಪನೆಯ ಸ್ನಾಯುಗೋಡೆ ಈ ಗ್ರಂಥಿಗೆ ಇಲ್ಲ. ಆದ್ದರಿಂದ ಇಲ್ಲಿ ಹುಟ್ಟಿದ ಗಡ್ಡೆಯು ಎರಡು ಮೂರು ಸೆಂಟಿಮೀಟರ್ ಬೆಳೆಯುವಷ್ಟರಲ್ಲಿಯೇ ಯಾವುದಾದರೊಂದು ನರ, ನಾಳ ಅಥವಾ ನೆರೆಯ ಅಂಗವನ್ನು ತಲಪಬಲ್ಲದು. ಅಂಗವು ಹೊಟ್ಟೆಯ ಆಳದಲ್ಲಿರುವುದರಿಂದ ಗಡ್ಡೆ ಕೈಗೆ ಸಿಗುವುದೂ ಇಲ್ಲ.

ಹರಡುವಿಕೆಗೆ ಮೊದಲು

ಕ್ಯಾನ್ಸರ್ ಒಮ್ಮೆಗೇ ಉದ್ಭವಿಸುವುದಿಲ್ಲ. ಗ್ರಂಥಿಯ ಸಣ್ಣ ನಾಳಗಳ ಒಳಪದರದ ಕೋಶಗಳಲ್ಲಿ ಮೊದಲು ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಬದಲಾವಣೆಗಳಾಗುತ್ತವೆ. ಶೇ. 90ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೆರಾಸ್ ಎಂಬ ಜೀನಿನಲ್ಲಿ ವ್ಯತ್ಯಯ ಉಂಟಾಗಿರುತ್ತದೆ. ಕೋಶಕ್ಕೆ ವಿಭಜನೆಯಾಗುವಂತೆ ಸೂಚನೆ ನೀಡುವ ಈ ಜೀನು ವ್ಯತ್ಯಯಗೊಂಡಾಗ ಸೂಚನೆ ನಿಲ್ಲದೆ ಮುಂದುವರಿಯುತ್ತದೆ. ಅನಂತರ ಬೆಳವಣಿಗೆಗೆ ಕಡಿವಾಣ ಹಾಕುವ ಸಿಡಿಕೆಎನ್2ಎ, ಟಿಪಿ53 ಮತ್ತು ಸ್ಮ್ಯಾಡ್4 ಜೀನುಗಳು ಒಂದೊಂದಾಗಿ ನಿಷ್ಕ್ರಿಯಗೊಳ್ಳುತ್ತವೆ.

ಈ ಪ್ರಕ್ರಿಯೆಗೆ ಎಷ್ಟು ಕಾಲ ಬೇಕು ಎಂಬುದನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಅಂದಾಜು ಮಾಡಿದರು. ಮೃತಪಟ್ಟ ಏಳು ರೋಗಿಗಳ ಮೂಲ ಗಡ್ಡೆ ಹಾಗೂ ಸ್ಥಾನಾಂತರಗೊಂಡ ಗಡ್ಡೆಗಳ ಜೀನುಗಳನ್ನು ಹೋಲಿಸಿದ ಆ ಅಧ್ಯಯನದ ಪ್ರಕಾರ, ಮೊದಲ ವ್ಯತ್ಯಯದಿಂದ ಕ್ಯಾನ್ಸರ್‌ನ ಮೂಲಕೋಶ ರೂಪುಗೊಳ್ಳಲು ಕನಿಷ್ಠ ಹತ್ತು ವರ್ಷ, ಅದು ಹರಡುವ ಸಾಮರ್ಥ್ಯ ಪಡೆಯಲು ಮತ್ತೆ ಕನಿಷ್ಠ ಐದು ವರ್ಷ ಹಿಡಿಯುತ್ತದೆ. ಅಲ್ಲಿಂದ ಮುಂದೆ ರೋಗಿ ಸರಾಸರಿ ಎರಡು ವರ್ಷದಲ್ಲಿ ಮೃತಪಡುತ್ತಾನೆ. ಈ ಲೆಕ್ಕದಂತೆ ರೋಗವನ್ನು ತಡೆಯಬಹುದಾದ ಅವಧಿ ದೀರ್ಘವಾಗಿಯೇ ಇದೆ. ಆ ಅವಧಿಯಲ್ಲಿ ಅದನ್ನು ಗುರುತಿಸುವ ಸುಲಭ ವಿಧಾನ ಮಾತ್ರ ಇಲ್ಲ.

ಇದಕ್ಕೆ ಪೂರಕವಾಗಿಯೂ ಭಿನ್ನವಾಗಿಯೂ ಕಾಣುವ ಮತ್ತೊಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದ ಇಲಿಗಳಲ್ಲಿ ನಡೆದ ಈ ಅಧ್ಯಯನದಲ್ಲಿ, ಗಡ್ಡೆಯು ಸ್ಪಷ್ಟ ರೂಪ ತಾಳುವ ಮೊದಲೇ ಗ್ರಂಥಿಯ ಕೆಲವು ಕೋಶಗಳು ರಕ್ತಪ್ರವಾಹವನ್ನೂ ಯಕೃತ್ತನ್ನೂ ಸೇರಿದ್ದು ಕಂಡುಬಂದಿತು. ರಕ್ತವನ್ನು ಸೇರಿದ ಕೋಶಗಳೆಲ್ಲವೂ ಗಡ್ಡೆಗಳಾಗಿ ಬೆಳೆಯುವುದಿಲ್ಲವಾದರೂ, ಚಿಕ್ಕ ಗಡ್ಡೆಯನ್ನು ಪೂರ್ಣವಾಗಿ ತೆಗೆದ ಬಳಿಕವೂ ಹಲವರಲ್ಲಿ ರೋಗ ಬೇರೆಡೆ ಮರುಕಳಿಸುವುದಕ್ಕೆ ಇದು ಒಂದು ವಿವರಣೆಯಾಗಬಹುದು.

ಹರಡುವ ಮುನ್ನ ಕೋಶವು ತನ್ನ ಸ್ವಭಾವವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ನಾಳದ ಒಳಪದರದ ಸಹಜ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕ್ಯಾನ್ಸರ್ ಕೋಶಗಳು ಈ ಅಂಟನ್ನು ಕಳೆದುಕೊಂಡು, ನೀಳ ಆಕಾರ ತಾಳಿ ಚಲಿಸುವ ಶಕ್ತಿ ಪಡೆಯುತ್ತವೆ. ತಮ್ಮ ತಳದ ಪೊರೆಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಹೊಸ ಅಂಗವನ್ನು ಸೇರಿದ ಮೇಲೆ ಮತ್ತೆ ಹಳೆಯ ರೂಪಕ್ಕೆ ಮರಳಿ ಗುಂಪಾಗಿ ಬೆಳೆಯುವುದೂ ಉಂಟು.

ಹರಡುವ ಮಾರ್ಗಗಳು

ನೇರ ಆಕ್ರಮಣ

ಗಡ್ಡೆಯು ತನ್ನ ನೆರೆಯ ಅಂಗಗಳಿಗೆ ನೇರವಾಗಿ ನುಗ್ಗುವುದು ಮೊದಲ ಮಾರ್ಗ. ಮೂರರಲ್ಲಿ ಸುಮಾರು ಎರಡು ಪಾಲು ಗಡ್ಡೆಗಳು ಗ್ರಂಥಿಯ ತಲೆಯ ಭಾಗದಲ್ಲಿ ಹುಟ್ಟುತ್ತವೆ. ಅಂತಹವು ಪಿತ್ತನಾಳವನ್ನು ಒತ್ತಿ ಮುಚ್ಚಿದಾಗ ಪಿತ್ತರಸ ಕರುಳಿಗೆ ಇಳಿಯದೆ ರಕ್ತವನ್ನು ಸೇರಿ ಕಾಮಾಲೆ ಉಂಟಾಗುತ್ತದೆ. ಕಣ್ಣು ಮತ್ತು ಚರ್ಮ ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚಿಕೊಳ್ಳುವುದು, ಮೈ ನವೆಯಾಗುವುದು ಇದರ ಲಕ್ಷಣಗಳು. ಡಿಯೋಡಿನಮ್ ಒತ್ತಲ್ಪಟ್ಟರೆ ತಿಂದ ಆಹಾರ ಮುಂದೆ ಸಾಗದೆ ವಾಂತಿಯಾಗುತ್ತದೆ.

ಒಡಲು ಮತ್ತು ಬಾಲದ ಗಡ್ಡೆಗಳು ಪಿತ್ತನಾಳದಿಂದ ದೂರವಿರುವುದರಿಂದ ಕಾಮಾಲೆಯ ಎಚ್ಚರಿಕೆಯನ್ನು ಕೊಡುವುದಿಲ್ಲ. ಅವು ಜಠರ, ಗುಲ್ಮ, ಎಡ ಅಡ್ರಿನಲ್ ಗ್ರಂಥಿ, ದೊಡ್ಡ ಕರುಳುಗಳ ಕಡೆಗೆ ಮೌನವಾಗಿ ಬೆಳೆಯುತ್ತವೆ. ಆದ್ದರಿಂದಲೇ ಪತ್ತೆಯಾಗುವಾಗ ಅವುಗಳ ಗಾತ್ರ ದೊಡ್ಡದಾಗಿದ್ದು, ಹೆಚ್ಚಿನವು ಸ್ಥಾನಾಂತರಗೊಂಡಿರುತ್ತವೆ.

ನರಗಳ ಮೂಲಕ

ನರಗಳ ಹೊದಿಕೆಯ ಉದ್ದಕ್ಕೂ ಹರಡುವುದು ಈ ಕ್ಯಾನ್ಸರ್‌ನ ವಿಶಿಷ್ಟ ಲಕ್ಷಣ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಪರೀಕ್ಷಿಸಿದಾಗ ಬಹುಪಾಲು ಪ್ರಕರಣಗಳಲ್ಲಿ ನರಗಳ ಸುತ್ತ ಕ್ಯಾನ್ಸರ್ ಕೋಶಗಳು ಕಂಡುಬರುತ್ತವೆ. ನರಗಳು ಸ್ರವಿಸುವ ಕೆಲವು ಪೋಷಕ ದ್ರವ್ಯಗಳು ಕ್ಯಾನ್ಸರ್ ಕೋಶಗಳನ್ನು ಸೆಳೆಯುತ್ತವೆ. ಕ್ಯಾನ್ಸರ್ ಕೋಶಗಳು ಪ್ರತಿಯಾಗಿ ನರಗಳ ಬೆಳವಣಿಗೆಯನ್ನು ಪ್ರಚೋದಿಸುತ್ತವೆ. ಹೀಗೆ ಸೀಲಿಯಾಕ್ ನರಜಾಲವನ್ನು ತಲಪಿದಾಗ ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುವ ನೋವು ಕಾಣಿಸಿಕೊಳ್ಳುತ್ತದೆ. ಅಂಗಾತ ಮಲಗಿದಾಗ ಹೆಚ್ಚಾಗಿ, ಮುಂದಕ್ಕೆ ಬಾಗಿ ಕುಳಿತಾಗ ತುಸು ತಗ್ಗುವುದು ಈ ನೋವಿನ ಲಕ್ಷಣ. ಇದನ್ನು ಬರಿಯ ಬೆನ್ನುನೋವೆಂದೋ ವಾಯುವೆಂದೋ ಬಗೆದು ತಿಂಗಳುಗಟ್ಟಲೆ ಕಳೆಯುವ ಸಂಭವವಿದೆ. ಶಸ್ತ್ರಚಿಕಿತ್ಸೆಯ ನಂತರ ಅದೇ ಜಾಗದಲ್ಲಿ ರೋಗ ಮರುಕಳಿಸಲು ನರಗಳ ಸುತ್ತ ಉಳಿದ ಕೋಶಗಳೂ ಒಂದು ಕಾರಣ.

ದುಗ್ಧರಸ ವ್ಯವಸ್ಥೆಯ ಮೂಲಕ

ಅಂಗಾಂಶಗಳಲ್ಲಿ ಉಳಿಯುವ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ಕೆಲಸ ದುಗ್ಧನಾಳಗಳದು. ಈ ನಾಳಗಳ ದಾರಿಯಲ್ಲಿ ಅವರೆಕಾಳಿನಾಕಾರದ ದುಗ್ಧರಸ ಗ್ರಂಥಿಗಳು ಶೋಧಕಗಳಂತೆ ಕೆಲಸ ಮಾಡುತ್ತವೆ. ತೆಳುಗೋಡೆಯ ದುಗ್ಧನಾಳಗಳನ್ನು ಕ್ಯಾನ್ಸರ್ ಕೋಶಗಳು ಸುಲಭವಾಗಿ ಪ್ರವೇಶಿಸಿ ಮೊದಲಿಗೆ ಮೇದೋಜೀರಕ ಗ್ರಂಥಿಯ ಸುತ್ತಲಿನ ದುಗ್ಧರಸ ಗ್ರಂಥಿಗಳಲ್ಲಿ ತಂಗುತ್ತವೆ. ಮುಂದೆ ಸೀಲಿಯಾಕ್ ಮತ್ತು ಮೆಸೆಂಟರಿಕ್ ಅಪಧಮನಿಗಳ ಬುಡದ ಗ್ರಂಥಿಗಳನ್ನೂ ಮಹಾಪಧಮನಿಯ ಪಕ್ಕದ ಗ್ರಂಥಿಗಳನ್ನೂ ತಲಪುತ್ತವೆ.

ದೇಹದ ಕೆಳಭಾಗದ ದುಗ್ಧರಸವೆಲ್ಲ ಎದೆಯ ಮುಖ್ಯ ದುಗ್ಧನಾಳದ ಮೂಲಕ ಮೇಲೇರಿ ಎಡ ಕೊರಳೆಲುಬಿನ ಬಳಿ ರಕ್ತವನ್ನು ಸೇರುತ್ತದೆ. ಆದಕಾರಣ ಹೊಟ್ಟೆಯೊಳಗಿನ ಕ್ಯಾನ್ಸರ್ ಕೆಲವೊಮ್ಮೆ ಎಡ ಕೊರಳೆಲುಬಿನ ಮೇಲೆ ಗಟ್ಟಿಯಾದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಅವರ ಹೆಸರಿನಿಂದ ಇದನ್ನು ವಿರ್ಚೋ ಗ್ರಂಥಿ ಎಂದು ಕರೆಯುತ್ತಾರೆ.

ರಕ್ತದ ಮೂಲಕ

ಮೇದೋಜೀರಕ ಗ್ರಂಥಿಯಿಂದ ಹೊರಡುವ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಪಡೆಯುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಮಾರ್ಗದಿಂದಲೇ ಬರುತ್ತದೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆಗಳಲ್ಲಿ ಸಣ್ಣ ರಂಧ್ರಗಳಿದ್ದು ರಕ್ತದ ಹರಿವೂ ನಿಧಾನ. ಹೀಗಾಗಿ ರಕ್ತದೊಡನೆ ಬಂದ ಕ್ಯಾನ್ಸರ್ ಕೋಶಗಳು ಮೊದಲು ಸಿಲುಕಿಕೊಳ್ಳುವ ತಾಣ ಯಕೃತ್ತೇ ಆಗಿದೆ. ಯಕೃತ್ತನ್ನು ದಾಟಿದ ಕೋಶಗಳು ಹೃದಯದ ಬಲಭಾಗದ ಮೂಲಕ ಶ್ವಾಸಕೋಶಗಳಿಗೂ, ಅಲ್ಲಿಂದ ಮುಂದೆ ಮೂಳೆ, ಅಡ್ರಿನಲ್ ಗ್ರಂಥಿ ಮೊದಲಾದ ಕಡೆಗಳಿಗೂ ಸಾಗಬಹುದು. ಮಿದುಳಿಗೆ ಹರಡುವುದು ವಿರಳ.

ರಕ್ತವನ್ನು ಪ್ರವೇಶಿಸಿದ ಕೋಶಗಳಲ್ಲಿ ಬಹುತೇಕ ಎಲ್ಲವೂ ನಾಶವಾಗುತ್ತವೆ. ರಕ್ತದ ಹರಿವಿನ ಒತ್ತಡ, ರೋಗನಿರೋಧಕ ಕೋಶಗಳ ದಾಳಿ, ಅಪರಿಚಿತ ಪರಿಸರ ಇವೆಲ್ಲವನ್ನೂ ದಾಟಿ ಉಳಿಯುವವು ಅತ್ಯಲ್ಪ. ರಕ್ತದ ಕಿರುಬಿಲ್ಲೆಗಳು ಈ ಕೋಶಗಳ ಸುತ್ತ ಕವಚದಂತೆ ಅಂಟಿಕೊಂಡು ಕೆಲವನ್ನು ರಕ್ಷಿಸುವುದೂ ಉಂಟು.

ಉದರಪೊರೆಯ ಮೂಲಕ

ಹೊಟ್ಟೆಯ ಒಳಗೋಡೆಯನ್ನೂ ಅಂಗಗಳನ್ನೂ ಹೊದ್ದಿರುವ ತೆಳುವಾದ ಪದರವೇ ಉದರಪೊರೆ. ಗಡ್ಡೆಯು ಗ್ರಂಥಿಯ ಮೇಲ್ಮೈಯನ್ನು ಭೇದಿಸಿದಾಗ ಉದುರಿದ ಕೋಶಗಳು ಹೊಟ್ಟೆಯ ಟೊಳ್ಳಿನಲ್ಲಿ ಚೆಲ್ಲಿ, ಹೊಲದಲ್ಲಿ ಬಿತ್ತಿದ ಕಾಳುಗಳಂತೆ ಅಲ್ಲಲ್ಲಿ ಸಣ್ಣ ಗಂಟುಗಳಾಗಿ ಮೊಳೆಯುತ್ತವೆ. ಇದರಿಂದ ಹೊಟ್ಟೆಯಲ್ಲಿ ದ್ರವ ತುಂಬಿ ಜಲೋದರ ಉಂಟಾಗಬಹುದು. ಕರುಳಿನ ಚಲನೆಗೆ ಅಡ್ಡಿಯಾಗಬಹುದು. ಈ ಗಂಟುಗಳು ಅತಿ ಚಿಕ್ಕವಾಗಿದ್ದಾಗ ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಕಾಣುವುದಿಲ್ಲ.

ಹೊಟ್ಟೆಯೊಳಗಿನ ಕ್ಯಾನ್ಸರ್ ಹೊಕ್ಕುಳಿನಲ್ಲಿ ಗಂಟಾಗಿ ಕಾಣಿಸಿಕೊಳ್ಳುವುದಕ್ಕೆ ಸಿಸ್ಟರ್ ಮೇರಿ ಜೋಸೆಫ್ ಗಂಟು ಎಂದು ಹೆಸರು. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ನಗರದ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೋ ಅವರಿಗೆ ಸಹಾಯಕಿಯಾಗಿದ್ದ ಈ ಸನ್ಯಾಸಿನಿ, ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಅಣಿಗೊಳಿಸುವಾಗ ಹೊಕ್ಕುಳಿನ ಗಂಟಿಗೂ ಮುಂದುವರಿದ ಕ್ಯಾನ್ಸರ್‌ಗೂ ಇರುವ ಸಂಬಂಧವನ್ನು ಗಮನಿಸಿದರು. 1949ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೈಲಿ ಈ ಲಕ್ಷಣಕ್ಕೆ ಅವರ ಹೆಸರನ್ನಿಟ್ಟರು.

ಬೀಜ ಮತ್ತು ನೆಲದ ಸಿದ್ಧಾಂತ

ಕ್ಯಾನ್ಸರ್ ಕೆಲವು ಅಂಗಗಳನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲಿ ಎತ್ತಿದರು. ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟವರ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿದ ಅವರು, ಬೀಜವು ಎಲ್ಲ ಕಡೆಗೂ ಚೆದುರಿದರೂ ತನಗೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುವಂತೆ ಕ್ಯಾನ್ಸರ್ ಕೋಶವೂ ತಕ್ಕ ಅಂಗದಲ್ಲಿ ಮಾತ್ರ ಬೆಳೆಯುತ್ತದೆ ಎಂದು ಪ್ರತಿಪಾದಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ರೋಗವಿಜ್ಞಾನಿ ಜೇಮ್ಸ್ ಎವಿಂಗ್, ರಕ್ತ ಮತ್ತು ದುಗ್ಧರಸ ಹರಿಯುವ ದಾರಿಯೇ ಹರಡುವಿಕೆಯನ್ನು ನಿರ್ಧರಿಸುತ್ತದೆ ಎಂದು ವಾದಿಸಿದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ ವಿಷಯದಲ್ಲಿ ಎರಡೂ ವಾದಗಳಿಗೆ ಆಧಾರವಿದೆ: ಪೋರ್ಟಲ್ ಅಭಿಧಮನಿ ಬೀಜವನ್ನು ಯಕೃತ್ತಿಗೆ ಒಯ್ಯುತ್ತದೆ, ಯಕೃತ್ತು ಅದಕ್ಕೆ ಹದವಾದ ನೆಲವೂ ಆಗುತ್ತದೆ.

ನೆಲವು ಹದಗೊಳ್ಳುವ ಬಗೆಯನ್ನು 2015ರ ಅಧ್ಯಯನವೊಂದು ಇಲಿಗಳಲ್ಲಿ ತೋರಿಸಿಕೊಟ್ಟಿತು. ಮೂಲ ಗಡ್ಡೆಯ ಕೋಶಗಳು ಎಕ್ಸೋಸೋಮ್ ಎಂಬ ಅತಿಸೂಕ್ಷ್ಮ ಕೋಶಿಕೆಗಳನ್ನು ರಕ್ತಕ್ಕೆ ಬಿಡುತ್ತವೆ. ಯಕೃತ್ತಿನಲ್ಲಿರುವ ಕುಪ್ಫರ್ ಕೋಶಗಳು ಇವುಗಳನ್ನು ಹೀರಿಕೊಂಡಾಗ ಅಲ್ಲಿನ ನಾರುಕೋಶಗಳು ಪ್ರಚೋದಿತವಾಗಿ ಫೈಬ್ರೋನೆಕ್ಟಿನ್ ಎಂಬ ಪ್ರೋಟೀನ್ ಸಂಗ್ರಹವಾಗುತ್ತದೆ. ಈ ಅಂಟು ಹಾಸಿನ ಮೇಲೆ, ಮುಂದೆ ಬರುವ ಕ್ಯಾನ್ಸರ್ ಕೋಶಗಳು ಸುಲಭವಾಗಿ ನೆಲೆಯೂರುತ್ತವೆ.

ಎಲ್ಲ ರೋಗಿಗಳಲ್ಲಿಯೂ ಹರಡುವಿಕೆಯ ತೀವ್ರತೆ ಒಂದೇ ಸಮನಲ್ಲ. 2009ರಲ್ಲಿ ಪ್ರಕಟವಾದ ಶವಪರೀಕ್ಷೆಯ ಅಧ್ಯಯನವೊಂದರಲ್ಲಿ ಸುಮಾರು ಶೇ. 70ರಷ್ಟು ಜನರಲ್ಲಿ ವ್ಯಾಪಕ ಸ್ಥಾನಾಂತರವೂ ಉಳಿದ ಶೇ. 30ರಷ್ಟು ಜನರಲ್ಲಿ ಮುಖ್ಯವಾಗಿ ಗ್ರಂಥಿಯ ಸುತ್ತಲೇ ನಾಶಕಾರಕ ಬೆಳವಣಿಗೆಯೂ ಕಂಡುಬಂದವು. ಸ್ಮ್ಯಾಡ್4 ಜೀನು ನಿಷ್ಕ್ರಿಯವಾಗಿದ್ದವರಲ್ಲಿ ವ್ಯಾಪಕ ಸ್ಥಾನಾಂತರ ಹೆಚ್ಚಾಗಿತ್ತು.

ಹರಡಿದಾಗ ಕಾಣುವ ಲಕ್ಷಣಗಳು

ಹರಡುವಿಕೆಯ ಲಕ್ಷಣಗಳು ಅದು ತಲಪಿದ ಅಂಗವನ್ನು ಅವಲಂಬಿಸಿವೆ.

ಯಕೃತ್ತು: ಬಲ ಪಕ್ಕೆಲುಬಿನ ಕೆಳಗೆ ಭಾರ ಅಥವಾ ನೋವು, ಹಸಿವು ಕುಂದುವುದು, ಆಯಾಸ, ರೋಗ ಹೆಚ್ಚಿದಾಗ ಕಾಮಾಲೆ. ಯಕೃತ್ತಿನ ಸಾಮರ್ಥ್ಯ ದೊಡ್ಡದಾದ್ದರಿಂದ ಹಲವು ಗಡ್ಡೆಗಳಿದ್ದರೂ ಆರಂಭದಲ್ಲಿ ಏನೂ ತಿಳಿಯದೆ ಇರಬಹುದು.

ಉದರಪೊರೆ: ಹೊಟ್ಟೆ ಉಬ್ಬುವುದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಮಲಬದ್ಧತೆ, ವಾಂತಿ.

ಶ್ವಾಸಕೋಶ ಮತ್ತು ಅದರ ಹೊದಿಕೆ: ಕೆಮ್ಮು, ಏದುಸಿರು. ಚಿಕ್ಕ ಗಡ್ಡೆಗಳು ಯಾವ ಲಕ್ಷಣವನ್ನೂ ತೋರದೆ ಸ್ಕ್ಯಾನ್‌ನಲ್ಲಿ ಮಾತ್ರ ಕಾಣಬಹುದು. ಶ್ವಾಸಕೋಶಕ್ಕೆ ಮಾತ್ರ ಹರಡಿದವರು ಯಕೃತ್ತಿಗೆ ಹರಡಿದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ.

ಮೂಳೆ: ರಾತ್ರಿಯಲ್ಲಿಯೂ ಬಿಡದ ನೋವು, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವುದು.

ಇವಲ್ಲದೆ ಇಡೀ ದೇಹವನ್ನು ಬಾಧಿಸುವ ಲಕ್ಷಣಗಳೂ ಇವೆ. ಸ್ನಾಯು ಮತ್ತು ಕೊಬ್ಬು ಕರಗಿ ದೇಹತೂಕ ಬಹುವಾಗಿ ಇಳಿಯುತ್ತದೆ. ಊಟ ಹೆಚ್ಚಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಿ ಕಾಲಿನ ಅಭಿಧಮನಿಗಳಲ್ಲಿ ಹೆಪ್ಪು ಉಂಟಾಗಬಹುದು. ಕ್ಯಾನ್ಸರ್‌ಗೂ ಇಂತಹ ಹೆಪ್ಪಿಗೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲಿ ವಿವರಿಸಿದರು. ಮುಂದೆ ತಮ್ಮ ದೇಹದಲ್ಲಿಯೇ ಈ ಲಕ್ಷಣವನ್ನು ಗುರುತಿಸಿದ ಅವರು 1867ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ನಿಧನರಾದರು.

ಹರಡುವಿಕೆಯ ಪತ್ತೆ ಮತ್ತು ಹಂತಗಳು

ಗಡ್ಡೆಯ ವ್ಯಾಪ್ತಿಯನ್ನು ಅಳೆಯಲು ರಕ್ತನಾಳಗಳು ಸ್ಪಷ್ಟವಾಗಿ ಕಾಣುವಂತೆ ಔಷಧ ಚುಚ್ಚಿ ತೆಗೆಯುವ ಸಿ.ಟಿ. ಸ್ಕ್ಯಾನ್ ಮುಖ್ಯ ಸಾಧನ. ಯಕೃತ್ತಿನ ಚಿಕ್ಕ ಗಡ್ಡೆಗಳನ್ನು ಗುರುತಿಸಲು ಎಂ.ಆರ್.ಐ. ನೆರವಾಗುತ್ತದೆ. ಬಾಯಿಯ ಮೂಲಕ ಇಳಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಿಂದ ಗಡ್ಡೆಯನ್ನು ಹತ್ತಿರದಿಂದ ನೋಡಿ, ಸೂಜಿಯಿಂದ ಅಂಗಾಂಶದ ಮಾದರಿಯನ್ನು ಪಡೆಯಬಹುದು. ಉದರಪೊರೆಯ ಮೇಲಿನ ಸಣ್ಣ ಗಂಟುಗಳ ಸಂಶಯವಿದ್ದಲ್ಲಿ ಲ್ಯಾಪರೋಸ್ಕೋಪಿ ನಡೆಸಿ ನೇರವಾಗಿ ನೋಡುತ್ತಾರೆ. ಸಿಎ 19-9 ಎಂಬ ರಕ್ತಪರೀಕ್ಷೆಯು ಚಿಕಿತ್ಸೆಯ ಪರಿಣಾಮವನ್ನು ಗಮನಿಸಲು ಉಪಯುಕ್ತ. ಆದರೆ ಪಿತ್ತನಾಳ ಮುಚ್ಚಿದ ಇತರ ರೋಗಗಳಲ್ಲಿಯೂ ಇದು ಏರುವುದರಿಂದ, ಮತ್ತು ಕೆಲವರ ದೇಹ ಈ ದ್ರವ್ಯವನ್ನು ಉತ್ಪಾದಿಸದೆ ಇರುವುದರಿಂದ, ಇದೊಂದರಿಂದಲೇ ರೋಗವನ್ನು ನಿರ್ಣಯಿಸಲಾಗದು.

ವ್ಯಾಪ್ತಿಯನ್ನು ಟಿಎನ್‌ಎಂ ಪದ್ಧತಿಯಲ್ಲಿ ದಾಖಲಿಸುತ್ತಾರೆ. ಮೊದಲ ಅಕ್ಷರ ಮೂಲ ಗಡ್ಡೆಯನ್ನೂ ಎರಡನೆಯದು ದುಗ್ಧರಸ ಗ್ರಂಥಿಗಳನ್ನೂ ಮೂರನೆಯದು ದೂರದ ಸ್ಥಾನಾಂತರವನ್ನೂ ಸೂಚಿಸುತ್ತದೆ. ಈ ಪದ್ಧತಿಯ ಎಂಟನೆಯ ಆವೃತ್ತಿಯಂತೆ 2 ಸೆಂಟಿಮೀಟರ್‌ವರೆಗಿನ ಗಡ್ಡೆ ಟಿ1, 2ರಿಂದ 4 ಸೆಂಟಿಮೀಟರ್ ಟಿ2, 4 ಸೆಂಟಿಮೀಟರ್ ಮೀರಿದ್ದು ಟಿ3. ಸೀಲಿಯಾಕ್, ಮೇಲಿನ ಮೆಸೆಂಟರಿಕ್ ಅಥವಾ ಯಕೃತ್ತಿನ ಮುಖ್ಯ ಅಪಧಮನಿಯನ್ನು ಆಕ್ರಮಿಸಿದ್ದು ಟಿ4. ಒಂದರಿಂದ ಮೂರು ದುಗ್ಧರಸ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಎನ್1, ನಾಲ್ಕು ಅಥವಾ ಹೆಚ್ಚಿದ್ದರೆ ಎನ್2. ದೂರದ ಅಂಗಕ್ಕೆ ಹರಡಿದ್ದರೆ, ಮೂಲ ಗಡ್ಡೆ ಎಷ್ಟೇ ಚಿಕ್ಕದಾಗಿದ್ದರೂ, ಅದು ನಾಲ್ಕನೆಯ ಹಂತ.

ಅಮೆರಿಕದ ಅಂಕಿ ಅಂಶಗಳಂತೆ ಗ್ರಂಥಿಯೊಳಗೇ ಇರುವಾಗ ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುವವರು ಸುಮಾರು ಶೇ. 44, ನೆರೆಯ ಅಂಗಾಂಶ ಅಥವಾ ದುಗ್ಧರಸ ಗ್ರಂಥಿಗಳಿಗೆ ಹರಡಿದ್ದರೆ ಸುಮಾರು ಶೇ. 16, ದೂರದ ಅಂಗಗಳಿಗೆ ಹರಡಿದ್ದರೆ ಸುಮಾರು ಶೇ. 3. ಎಲ್ಲ ಹಂತಗಳೂ ಸೇರಿದರೆ ಈ ಪ್ರಮಾಣ ಸುಮಾರು ಶೇ. 13. ಇವು ಸಮೂಹದ ಸರಾಸರಿಗಳೇ ಹೊರತು ಒಬ್ಬ ರೋಗಿಯ ಆಯುಷ್ಯದ ನಿರ್ಣಯವಲ್ಲ.

ಚಿಕಿತ್ಸೆಯ ಮೇಲೆ ಹರಡುವಿಕೆಯ ಪರಿಣಾಮ

ಗ್ರಂಥಿಯ ತಲೆಯ ಗಡ್ಡೆಯನ್ನು ಡಿಯೋಡಿನಮ್, ಪಿತ್ತಕೋಶ ಮತ್ತು ಪಿತ್ತನಾಳದ ಭಾಗದೊಡನೆ ತೆಗೆಯುವ ಶಸ್ತ್ರಚಿಕಿತ್ಸೆಗೆ ವಿಪ್ಪಲ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಜರ್ಮನಿಯ ವಾಲ್ಟರ್ ಕೌಶ್ 1909ರಲ್ಲಿ ಇದರ ಪೂರ್ವರೂಪವನ್ನು ನಡೆಸಿದ್ದರು. ಅಮೆರಿಕದ ಅಲನ್ ವಿಪ್ಪಲ್ 1935ರಲ್ಲಿ ಪ್ರಕಟಿಸಿದ ವರದಿಯಿಂದ ಅದು ಪ್ರಸಿದ್ಧವಾಯಿತು. ಅಭಿಧಮನಿಗೆ ತುಸು ತಗುಲಿದ ಗಡ್ಡೆಯನ್ನು ಆ ಭಾಗದೊಡನೆ ಕತ್ತರಿಸಿ ನಾಳವನ್ನು ಮರುಜೋಡಿಸಬಹುದು. ಮುಖ್ಯ ಅಪಧಮನಿಯನ್ನು ಸುತ್ತುವರಿದ ಗಡ್ಡೆಗೆ ಸಾಮಾನ್ಯವಾಗಿ ಮೊದಲು ಕಿಮೊಥೆರಪಿ ನೀಡಿ, ಫಲವನ್ನು ನೋಡಿ ಶಸ್ತ್ರಚಿಕಿತ್ಸೆಯ ಬಗ್ಗೆ ತೀರ್ಮಾನಿಸುತ್ತಾರೆ.

ದೂರದ ಅಂಗಗಳಿಗೆ ಹರಡಿದ ಮೇಲೆ ಮೂಲ ಗಡ್ಡೆಯನ್ನು ತೆಗೆಯುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆಗ ದೇಹದಾದ್ಯಂತ ಸಂಚರಿಸುವ ಔಷಧಗಳೇ ಮುಖ್ಯ ಚಿಕಿತ್ಸೆ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಫೋಲ್ಫಿರಿನಾಕ್ಸ್ ಎಂಬ ಔಷಧಸಮೂಹ ಪಡೆದ, ರೋಗ ಹರಡಿದ್ದ ರೋಗಿಗಳ ಮಧ್ಯಾಂಕ ಬದುಕು 11.1 ತಿಂಗಳಾದರೆ, ಹಿಂದಿನ ಔಷಧವಾದ ಜೆಮ್ಸಿಟಾಬಿನ್ ಮಾತ್ರ ಪಡೆದವರಲ್ಲಿ 6.8 ತಿಂಗಳಿತ್ತು. ಗಡ್ಡೆಯ ಸುತ್ತ ಬೆಳೆಯುವ ದಟ್ಟವಾದ ನಾರಿನ ಅಂಗಾಂಶವು ರಕ್ತನಾಳಗಳನ್ನು ಅದುಮಿ, ಔಷಧ ಒಳಹೋಗದಂತೆ ತಡೆಯುವುದು ಚಿಕಿತ್ಸೆಗೆ ದೊಡ್ಡ ಅಡಚಣೆ.

ಶಸ್ತ್ರಚಿಕಿತ್ಸೆ ಯಶಸ್ವಿಯಾದವರಿಗೂ ಕಣ್ಣಿಗೆ ಕಾಣದ ಸ್ಥಾನಾಂತರಗಳನ್ನು ನಾಶಪಡಿಸಲು ಕಿಮೊಥೆರಪಿ ನೀಡುತ್ತಾರೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಪರಿಷ್ಕೃತ ಫೋಲ್ಫಿರಿನಾಕ್ಸ್ ಪಡೆದವರ ಮಧ್ಯಾಂಕ ಬದುಕು 54.4 ತಿಂಗಳು, ಜೆಮ್ಸಿಟಾಬಿನ್ ಪಡೆದವರದು 35 ತಿಂಗಳು.

ರೋಗ ಹರಡಿದ ಮೇಲೆ ಮಾಡುವುದೇನೂ ಉಳಿಯುವುದಿಲ್ಲ ಎಂಬುದು ಸರಿಯಲ್ಲ. ಮುಚ್ಚಿದ ಪಿತ್ತನಾಳದಲ್ಲಿ ಸ್ಟೆಂಟ್ ಇರಿಸಿದರೆ ಕಾಮಾಲೆಯೂ ನವೆಯೂ ಇಳಿಯುತ್ತವೆ. ಸೀಲಿಯಾಕ್ ನರಜಾಲಕ್ಕೆ ಔಷಧ ಚುಚ್ಚಿ ಬೆನ್ನಿನ ನೋವನ್ನು ತಗ್ಗಿಸಬಹುದು. ಜೀರ್ಣಕಿಣ್ವಗಳ ಮಾತ್ರೆಗಳಿಂದ ಆಹಾರ ಪಚನವಾಗಲು ನೆರವಾಗುತ್ತದೆ. ಹೊಟ್ಟೆಯಲ್ಲಿ ತುಂಬಿದ ದ್ರವವನ್ನು ಹೊರತೆಗೆದು ಉಸಿರಾಟವನ್ನು ಹಗುರಗೊಳಿಸಬಹುದು. ತೀವ್ರ ನೋವಿಗೆ ವೈದ್ಯರ ನಿಗಾದಲ್ಲಿ ಮಾರ್ಫಿನ್ ನೀಡುತ್ತಾರೆ. ಇವೆಲ್ಲವನ್ನು ಒಳಗೊಂಡ ಉಪಶಾಮಕ ಆರೈಕೆಯನ್ನು ಕೊನೆಯ ದಿನಗಳಿಗಾಗಿ ಕಾಯ್ದಿರಿಸದೆ ರೋಗ ಪತ್ತೆಯಾದ ಕಾಲದಿಂದಲೇ ಆರಂಭಿಸುವುದು ಈಗಿನ ಶಿಫಾರಸು.

ಸಾಮಾನ್ಯ ತಪ್ಪು ತಿಳುವಳಿಕೆಗಳು

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಹರಡುವಿಕೆ ಎಂಬ ಮಾತು ರೋಗಿಯ ದೇಹದೊಳಗಿನ ವ್ಯಾಪನೆಗೆ ಮಾತ್ರ ಅನ್ವಯಿಸುತ್ತದೆ. ರೋಗಿಯೊಡನೆ ಉಣ್ಣುವುದು, ಪಾತ್ರೆ ಬಳಸುವುದು, ಶುಶ್ರೂಷೆ ಮಾಡುವುದು ಇವುಗಳಿಂದ ಯಾವ ಅಪಾಯವೂ ಇಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಗೆ ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೊಟ್ಟೆ ತೆರೆದಾಗ ಮೊದಲೇ ಹರಡಿದ್ದ ರೋಗ ಕಣ್ಣಿಗೆ ಬೀಳುವುದರಿಂದ ಈ ನಂಬಿಕೆ ಬೆಳೆದಿರಬಹುದು. ಸೂಜಿಯಿಂದ ಮಾದರಿ ತೆಗೆಯುವಾಗ ಕೋಶಗಳು ಸೂಜಿಯ ದಾರಿಯಲ್ಲಿ ಉಳಿದು ಬೆಳೆದ ಪ್ರಕರಣಗಳು ವರದಿಯಾಗಿವೆಯಾದರೂ ಅವು ಬಹಳ ವಿರಳ. ಕಿಮೊಥೆರಪಿ ಆರಂಭಿಸಲು ಪರೀಕ್ಷೆಯ ಖಚಿತ ಫಲಿತಾಂಶ ಅಗತ್ಯವಾದ್ದರಿಂದ ಆ ಭಯದಿಂದ ಪರೀಕ್ಷೆಯನ್ನು ಮುಂದೂಡುವುದು ಹೆಚ್ಚಿನ ಹಾನಿಗೆ ಕಾರಣವಾಗಬಹುದು.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೆ ಹರಡಿದರೆ ಅದು ಯಕೃತ್ತಿನ ಕ್ಯಾನ್ಸರ್ ಆಗುವುದಿಲ್ಲ. ಅಲ್ಲಿ ಬೆಳೆಯುವವು ಮೇದೋಜೀರಕ ಗ್ರಂಥಿಯ ಕೋಶಗಳೇ ಆದ್ದರಿಂದ ಚಿಕಿತ್ಸೆಯೂ ಮೂಲ ರೋಗದ್ದೇ. ಒಂದೇ ರೋಗಿಯ ವರದಿಗಳಲ್ಲಿ ಎರಡು ಅಂಗಗಳ ಹೆಸರು ಕಂಡಾಗ ಎರಡು ಕ್ಯಾನ್ಸರ್‌ಗಳಿವೆ ಎಂದು ಕುಟುಂಬದವರು ಭಾವಿಸುವ ಅಗತ್ಯವಿಲ್ಲ.

ಹರಡುವ ಮೊದಲೇ ಗುರುತಿಸುವ ಪ್ರಯತ್ನಗಳು

ಆರೋಗ್ಯವಂತರೆಲ್ಲರಿಗೂ ಅನ್ವಯಿಸಬಹುದಾದ ತಪಾಸಣೆ ಈ ಕ್ಯಾನ್ಸರ್‌ಗೆ ಇಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಹಲವರಿಗೆ ಈ ರೋಗವಿದ್ದವರು ಹಾಗೂ ಕೆಲವು ಅನುವಂಶಿಕ ಜೀನು ವ್ಯತ್ಯಯಗಳುಳ್ಳವರು ಪರಿಣತರ ಸಲಹೆಯಂತೆ ಕಾಲಕಾಲಕ್ಕೆ ಎಂ.ಆರ್.ಐ. ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬಹುದು. ಧೂಮಪಾನ ಈ ಕ್ಯಾನ್ಸರ್‌ಗೆ ದೃಢಪಟ್ಟ ಕಾರಣಗಳಲ್ಲೊಂದು. ಅದನ್ನು ತ್ಯಜಿಸುವುದು ವ್ಯಕ್ತಿಯ ಕೈಯಲ್ಲಿರುವ ಮುಖ್ಯ ಮುನ್ನೆಚ್ಚರಿಕೆ.

ನೋವಿಲ್ಲದ ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಬೆನ್ನಿಗೆ ಹಾಯುವ ಹೊಟ್ಟೆನೋವು, ಐವತ್ತು ದಾಟಿದ ಮೇಲೆ ತೂಕದ ಇಳಿಕೆಯೊಡನೆ ಹೊಸದಾಗಿ ಕಾಣಿಸಿಕೊಳ್ಳುವ ಮಧುಮೇಹ ಇವು ವೈದ್ಯರನ್ನು ಕಾಣಬೇಕಾದ ಸೂಚನೆಗಳು. ಹೊಸದಾಗಿ ಮಧುಮೇಹ ಕಂಡವರಲ್ಲಿ ಬಹುಪಾಲು ಜನರಿಗೆ ಈ ಕ್ಯಾನ್ಸರ್ ಇರುವುದಿಲ್ಲ. ಕಾಮಾಲೆ ಕಾಣಿಸಿಕೊಂಡಾಗ ಅದನ್ನು ಸಾಮಾನ್ಯ ಕಾಮಾಲೆಯೆಂದು ಬಗೆದು ಪಥ್ಯ ಮತ್ತು ನಾಟಿ ಔಷಧಗಳಲ್ಲಿ ವಾರಗಳನ್ನು ಕಳೆಯುವ ಬದಲು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದರೆ ಪಿತ್ತನಾಳ ಮುಚ್ಚಿದೆಯೇ ಎಂಬುದು ತಿಳಿಯುತ್ತದೆ. ಗಡ್ಡೆಯು ಮುಖ್ಯ ರಕ್ತನಾಳಗಳನ್ನು ಸುತ್ತುವರಿಯುವ ಮೊದಲು ಶಸ್ತ್ರವೈದ್ಯರನ್ನು ತಲಪಲು ಕೆಲವರಿಗೆ ಕಾಮಾಲೆಯೇ ಅವಕಾಶ ಒದಗಿಸುತ್ತದೆ.

ಭಾರತದಲ್ಲಿ

ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ಕ್ಯಾನ್ಸರ್‌ನ ಪ್ರಮಾಣ ಕಡಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಅಂಗವಾಗಿ 1982ರಿಂದ ಜನಸಂಖ್ಯೆ ಆಧಾರಿತ ನೋಂದಣಿ ಕೈಗೊಂಡ ಮೊದಲ ನಗರಗಳಲ್ಲಿ ಬೆಂಗಳೂರು ಒಂದು. ಇದನ್ನು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ನಿರ್ವಹಿಸುತ್ತದೆ. ಗೋವಾದ ಮುಖ್ಯಮಂತ್ರಿಯೂ ಕೇಂದ್ರದ ಮಾಜಿ ರಕ್ಷಣಾ ಸಚಿವರೂ ಆಗಿದ್ದ ಮನೋಹರ್ ಪರಿಕ್ಕರ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ 2019ರ ಮಾರ್ಚ್ 17ರಂದು ನಿಧನರಾದರು.